ಹೊನ್ನಮ್ಮನಿಗೆ ಮಗ ಹುಟ್ಟಿದ ಸುಗ್ಗಿ

ಆಗಿನ್ನೂ ನಮ್ಮ ಊರಿಗೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ ಹೊಲಗಳಿದ್ದವು. ಹೊಲ ಅಂದರೆ ಪೂರ್ತಿ ಹೊಲವೂ ಅಲ್ಲ. ಒಂದು ಕಡೆ ರಾಗಿ ಕೂಳೆ, ಇನ್ನೊಂದು ಕಡೆ ಬಿಳಿ ಬಣ್ಣ ಬಳಿದ ಸೈಟು ಕಲ್ಲು. ಶಾಲೆಯಿಂದ ಬಂದವರೇ ನಾವು ಚೀಲ ಬಿಸಾಕಿ ಆ ಕಲ್ಲುಗಳ ನಡುವೆ ಹಿಡಿಯುವ ಆಟ ಆಡುತ್ತಿದ್ದೆವು. ಕಲ್ಲು ಮುಟ್ಟಿದವರನ್ನು ಯಾರೂ ಹಿಡಿಯುವಂತಿಲ್ಲ. ಯಾರ ಸೈಟು, ಯಾರ ಕಲ್ಲು ಎಂದು ಯಾರಿಗೆ ಬೇಕಿತ್ತು?

ಇಂಥ ದಿನಗಳ ಬಗ್ಗೆ ಬರೆಯುವವರೆಲ್ಲ ಆಗ ಜನ ಒಳ್ಳೆಯವರಾಗಿದ್ದರು, ದುಡ್ಡು ಬಂದ ಮೇಲೆ ಕೆಟ್ಟರು ಎನ್ನುತ್ತಾರೆ. ನನ್ನ ಮೊದಲ ತಕರಾರು ಅದಕ್ಕೇ. ನಮ್ಮ ಮನೆಯಲ್ಲಿ ಯಾರೂ ಕೆಟ್ಟವರಾಗಲಿಲ್ಲ. ಎಲ್ಲರೂ ಒಳ್ಳೆಯವರಾಗಿ ಉಳಿದುಕೊಂಡೇ ಒಬ್ಬ ಹೆಂಗಸನ್ನು ಅಳಿಸಿಹಾಕಿದರು. ಅದನ್ನು ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಅವರೆಕಾಯಿ ಸುಗ್ಗಿಯಲ್ಲಿ, ಕಣ್ಣಾರೆ ನೋಡಿದೆ.

ಅವರೆಕಾಯಿ ಕಾಲ ಅಂದರೆ ನಮಗೆ ಚಿಕ್ಕಜ್ಜಿ ಬರುವ ಕಾಲ. ಚಿಕ್ಕಜ್ಜಿ ಅಂದರೆ ನಮ್ಮ ಅಜ್ಜಿಯ ತಂಗಿ ಜಯಮ್ಮ. ಚಂದಾಪುರಕ್ಕೆ ಕೊಟ್ಟಿದ್ದರು. ಸಂಕ್ರಾಂತಿಗೆ ಮುಂಚೆ ಬಂದರೆ ಹಬ್ಬ ಮುಗಿಸಿ, ಹಿತಕಿದ ಬೇಳೆಯ ಸಾರು ಸಾಕೆನ್ನಿಸುವವರೆಗೆ ಇದ್ದು ಹೋಗುತ್ತಿದ್ದರು. ಸಂಜೆ ಅಂಗಳದಲ್ಲಿ ಗೋಣಿತಾಟು ಹಾಸಿ ಕಾಯಿ ಸುರಿಯುತ್ತಿದ್ದರು. ಸೊಗಡು ಬೆರಳಿಗೆ ಅಂಟುತ್ತಿತ್ತು. ಸೋಪು ಹಾಕಿ ತೊಳೆದರೂ ಮಾರನೇ ದಿನ ಕ್ಲಾಸಿನಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನಮ್ಮದೇ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದ ಕಂಪನಿ ಹುಡುಗರು ಕೆಳಗೆ ಬಗ್ಗಿ ನೋಡಿ, “ಅಜ್ಜಿ, ಇವತ್ತೂ ಅದೇ ಸಾರಾ?” ಎಂದು ಕೇಳುತ್ತಿದ್ದರು. “ಬಟ್ಲು ತಗೊಂಡ್ ಬಾ, ಕೇಳ್ಬೇಡ,” ಎನ್ನುತ್ತಿದ್ದರು ಅಜ್ಜಿ.

ಕಾಯಿ ಸುಲಿಯುತ್ತಾ ಅಕ್ಕತಂಗಿ ತಮ್ಮ ಅವ್ವನ ಕತೆ ಹೇಳುತ್ತಿದ್ದರು. ಆಕೆಯ ಹೆಸರು ಹೊನ್ನಮ್ಮ. ಗಂಡ ತಿಮ್ಮಯ್ಯ ಜ್ವರ ಬಂದು ತೀರಿಕೊಂಡಾಗ ಕೈಯಲ್ಲಿದ್ದದ್ದು ಎರಡು ಹೆಣ್ಣುಮಕ್ಕಳು. ಮೈದುನರು, “ಗಂಡಿಲ್ಲದ ಮನೆಗೆ ಭೂಮಿ ಯಾಕೆ?” ಅಂದರಂತೆ. ಹೊನ್ನಮ್ಮ ಜಗಳ ಮಾಡಲಿಲ್ಲ. ಓಲೆ, ಕಡಗ ಮಾರಿ ಆ ಮೈದುನರಿಂದಲೇ ಕೆರೆ ಕೆಳಗಿನ ಹೊಲವನ್ನು ತನ್ನ ಹೆಸರಿಗೆ ಕ್ರಯಕ್ಕೆ ತೆಗೆದುಕೊಂಡಳು. ರಾಗಿಯ ನಡುವೆ ಅಕ್ಕಡಿ ಸಾಲು ಹಿಡಿದು ಅವರೆ ಹಾಕಿದಳು. ಕಾಯಿ ಕಿತ್ತು ಬುಟ್ಟಿ ಹೊತ್ತು, ಬೆಳಗಾಗುವ ಮುಂಚೆ ಹೊಸೂರು ರಸ್ತೆ ಹಿಡಿದು ಪೇಟೆಗೆ ನಡೆಯುತ್ತಿದ್ದಳು.

“ನಾನು ಅವ್ವನ ಸೆರಗು ಇಡ್ಕೊಂಡಿರ್ತಿದ್ದೆ,” ಎನ್ನುತ್ತಿದ್ದರು ಅಜ್ಜಿ. “ಇವಳು ನನ್ನ ಲಂಗ ಇಡ್ಕೊಂಡಿರೋಳು.”

“ಇಡ್ಕೊಳ್ದೆ? ನೀನು ನಿದ್ದೆಗಣ್ಣಲ್ಲಿ ಗಾಡಿ ಚಕ್ರದ ಕಡೀಗೇ ಓಗೋಳು,” ಎನ್ನುತ್ತಿದ್ದರು ಚಿಕ್ಕಜ್ಜಿ.

“ಯಾರು, ನಾನಾ? ಬುಟ್ಟಿ ಮೇಲೆ ಕೂರಿಸ್ಕೊ ಅಂತ ರಸ್ತೇಲೇ ಕೂತು ರಂಪ ಮಾಡಿದ್ದು ಯಾರೇ?”

ಹೊನ್ನಮ್ಮ ದೊಡ್ಡ ಮಗಳಿಗೆ, ಅಂದರೆ ನಮ್ಮ ಅಜ್ಜಿಗೆ, ಆನೇಕಲ್ ಕಡೆಯ ಹುಡುಗನನ್ನು ತಂದು ಮನೆಅಳಿಯನನ್ನಾಗಿ ಇಟ್ಟುಕೊಂಡಳು. ಅವರೇ ನಮ್ಮ ತಾತ, ಕೆಂಚಪ್ಪ. ನಾನು ಹುಟ್ಟುವ ಮುಂಚೆಯೇ ತೀರಿಕೊಂಡವರು. ಊರಿಗೆಲ್ಲ ಗೊತ್ತಿದ್ದ ವಿಷಯ ಇದು. ಗೊತ್ತಿದ್ದ ವಿಷಯಕ್ಕೆ ಸಾಕ್ಷಿ ಬೇಕಾಗಬಹುದು ಎಂದು ಯಾರೂ ಅಂದುಕೊಂಡಿರಲಿಲ್ಲ.

ಆ ವರ್ಷ ಕೆರೆ ಕೆಳಗಿನ ಹೊಲಕ್ಕೆ ಬಿಲ್ಡರ್ ಬಂದ. ಅವನ ಕಡೆಯ ವಕೀಲರು ವಂಶವೃಕ್ಷ ಕೇಳಿದರು, ಹಳೇ ಕಾಗದಗಳನ್ನು ಕೇಳಿದರು. ಅಜ್ಜಿಯ ಹಿರಿಯ ಮಗ, ನಮ್ಮ ದೊಡ್ಡಪ್ಪ, ಅಟ್ಟದಿಂದ ಟ್ರಂಕು ಇಳಿಸಿದರು. ನುಸಿಗುಳಿಗೆಯ ವಾಸನೆಗೆ ಎಲ್ಲರೂ ಕೆಮ್ಮಿದರು. ಆ ವರ್ಷ ನಾನು ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆಯಲ್ಲಿ ಗೆದ್ದಿದ್ದೆ. ಅದಕ್ಕೆ ದೊಡ್ಡಪ್ಪ ನನ್ನನ್ನು ಕರೆಯುತ್ತಿದ್ದದ್ದು ಲಾಯರಮ್ಮ ಎಂದು.

“ಬಾರಮ್ಮ ಲಾಯರಮ್ಮ, ಈ ಕೋಳಿ ಕಾಲಿನ ಅಕ್ಷರ ಓದು. ನನ್ನ ಕಣ್ಗೆ ಕಾಣಲ್ಲ.”

ಒಂದೊಂದೇ ಬಿಡಿಸಿ ಓದಿದೆ. ಕಂದಾಯದ ರಸೀದಿಗಳು, ಮಡಿಕೆಯಲ್ಲಿ ಹರಿದ ಕ್ರಯಪತ್ರ, ಹಳೇ ಪಹಣಿ. ಪಹಣಿಯಲ್ಲಿ ‘ಹೊನ್ನಮ್ಮ ಕೋಂ ಲೇಟ್ ತಿಮ್ಮಯ್ಯ’ ಎಂದಿತ್ತು. ಕೋಂ ಅಂದರೆ ಹೆಂಡತಿ ಎಂದು ಅಪ್ಪ ಹೇಳಿಕೊಟ್ಟರು. ಅದರ ಮುಂದಿನ ಪಹಣಿಯಲ್ಲಿ ಹೊನ್ನಮ್ಮನ ಹೆಸರು ಹೋಗಿ ತಾತನ ಹೆಸರು ಬಂದಿತ್ತು. ಬರೀ ಕೆಂಚಪ್ಪ. ಆಕೆಗೆ ಏನಾಗಬೇಕು, ಹೇಗೆ ಬಂತು, ಒಂದು ಅಕ್ಷರವೂ ಇರಲಿಲ್ಲ.

ಇಷ್ಟು ನೋಡಿ ವಕೀಲರು ಕೇಳಿದ್ದು ಒಂದೇ ಪ್ರಶ್ನೆ. ಹೊನ್ನಮ್ಮ ಯಾರು?

ಪ್ರಶ್ನೆ ಸರಿಯಾಗಿಯೇ ಇತ್ತು. ಹೊನ್ನಮ್ಮ ಅಜ್ಜಿಯ ತಾಯಿ ಎಂದಾದರೆ ಆ ಹೊಲ ಇಬ್ಬರು ಹೆಣ್ಣುಮಕ್ಕಳದ್ದು. ಚಿಕ್ಕಜ್ಜಿಗೂ ಅರ್ಧ ಹೋಗಬೇಕು. ಹೊನ್ನಮ್ಮ ತಾತನ ತಾಯಿ ಎಂದಾದರೆ ಅಜ್ಜಿ ಆಕೆಯ ಸೊಸೆ. ಅಜ್ಜಿ ಮತ್ತು ಚಿಕ್ಕಜ್ಜಿ ಅಕ್ಕತಂಗಿ ಎಂಬುದು ಊರಿಗೇ ಗೊತ್ತು. ಹಾಗಾಗಿ ಅಕ್ಕ ಹೊರಗಿನಿಂದ ಬಂದ ಸೊಸೆಯಾದರೆ ತಂಗಿಯೂ ಹೊರಗಿನವಳೇ. ಸೊಸೆಯ ತಂಗಿಗೆ ಈ ಮನೆಯಲ್ಲಿ ಏನು ಪಾಲು?

ದೊಡ್ಡಪ್ಪ ಎರಡನೇ ಉತ್ತರವನ್ನು ಆರಿಸಿಕೊಂಡರು. ಯಾವ ಕಾಗದವನ್ನೂ ತಿದ್ದಬೇಕಾಗಿರಲಿಲ್ಲ. ಕಾಗದ ಸುಮ್ಮನಿದ್ದ ಕಡೆ ಬಾಯಿ ಮಾತು ತುಂಬಿದರೆ ಸಾಕಿತ್ತು. ಸಾಕ್ಷಿ ಹಾಕಲು ಊರಿನವರು ಸಿದ್ಧವಿದ್ದರು. ಯಾಕೆಂದರೆ ಅವರವರ ವಂಶವೃಕ್ಷಕ್ಕೂ ನಾಳೆ ದೊಡ್ಡಪ್ಪನ ಸಹಿ ಬೇಕಾಗಿತ್ತು.

ಎದುರು ಪಕ್ಷದ ವಾದವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಕಲಿತದ್ದು ದಂಡ. ತಾತ ಆ ಹೊಲದಲ್ಲಿ ಜೀವ ಇರುವವರೆಗೆ ದುಡಿದರು. ಹೊನ್ನಮ್ಮ ಸತ್ತಾಗ ಮಗನ ಹಾಗೆ ನಿಂತು ಮಣ್ಣು ಮಾಡಿದರು. ಚಿಕ್ಕಜ್ಜಿಯ ಮದುವೆಯನ್ನು ಮಾಡಿದವರೂ ಅವರೇ. ದೊಡ್ಡಪ್ಪ ಇದನ್ನೆಲ್ಲ ಹೇಳುವಾಗ ಅವರ ದನಿ ನಿಜವಾಗಿಯೂ ತುಂಬಿ ಬರುತ್ತಿತ್ತು. ಇಷ್ಟು ನಿಜದ ನಡುವೆ ಒಂದೇ ಒಂದು ಸುಳ್ಳು ಸೇರಿಸಿದರೆ ಅದು ಸುಳ್ಳಿನ ಹಾಗೆ ಕಾಣುವುದೇ ಇಲ್ಲ.

ಸುದ್ದಿ ಚಂದಾಪುರಕ್ಕೆ ಮುಟ್ಟಿತು. ಆ ಸಲ ಚಿಕ್ಕಜ್ಜಿ ಮಗನ ಜೊತೆ ಬಂದರು. ರಾಜು ಚಿಕ್ಕಪ್ಪ ಪೀಣ್ಯದಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದವರು. ಮಾತು ಕಡಿಮೆ.

“ಕೋರ್ಟು ಗೀರ್ಟು ನಂಗ್ಬೇಡ ಅಣ್ಣ,” ಅಂದರು ರಾಜು ಚಿಕ್ಕಪ್ಪ. “ದಿನಾ ರಜಾ ಹಾಕಿ ಅಲೆಯಕ್ಕೆ ನಂಗಾಗಲ್ಲ. ಹೆಳವಪ್ಪ ಬರೋ ಟೈಮ್ ಇದು. ಅವ್ರ ಪುಸ್ತಕದಲ್ಲಿ ಏನೈತೋ ಅದಕ್ಕೆ ಇಬ್ರೂ ಒಪ್ಪೋಣ.”

“ಆಯ್ತಪ್ಪ, ಒಪ್ದೆ,” ಎಂದರು ದೊಡ್ಡಪ್ಪ, ಅಷ್ಟು ಬೇಗ.

ನಗರದಲ್ಲೇ ಬೆಳೆದವರಿಗೆ ಹೆಳವರು ಗೊತ್ತಿರಲಾರದು. ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು ಹಿರಿಯರ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುವವರು. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರಂತೆ. ಆ ಸಲ ನಮ್ಮ ಹೆಳವಪ್ಪ ಬಂದದ್ದು ಮೆಜೆಸ್ಟಿಕ್‌ನಿಂದ ಬಿಎಂಟಿಸಿ ಬಸ್ಸಿನಲ್ಲಿ. ಹೆಗಲಿನ ಚೀಲದಲ್ಲಿ ಗಂಟೆ, ಕೆಂಪು ಬಟ್ಟೆ ಸುತ್ತಿದ ದಪ್ಪ ಪುಸ್ತಕ.

ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಎಲ್ಲರೂ ಕೂತೆವು. ಅಜ್ಜಿ ಕಂಬಕ್ಕೆ ಒರಗಿ, ಚಿಕ್ಕಜ್ಜಿ ಅವರ ಪಕ್ಕದಲ್ಲೇ. ಇಬ್ಬರ ಮೊಣಕಾಲೂ ತಾಗುತ್ತಿತ್ತು. ಜಗಳ ಗಂಡುಮಕ್ಕಳದು, ತಮ್ಮದಲ್ಲ ಎನ್ನುವ ಹಾಗೆ ಒಂದೇ ತಟ್ಟೆಯಿಂದ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಹೆಳವಪ್ಪ ಗಂಟೆ ಆಡಿಸಿ, ಹಾಡಿಗೂ ಮಾತಿಗೂ ನಡುವಿನ ಒಂದು ರಾಗದಲ್ಲಿ ಓದಿದರು. ಎಲ್ಲಿಂದಲೋ ಬಂದ ಮೂಲಪುರುಷ, ಅವನ ಮಕ್ಕಳು, ಮೊಮ್ಮಕ್ಕಳು. ಕೊನೆಗೆ, “ಅವರ ಮಗ ತಿಮ್ಮಯ್ಯ. ತಿಮ್ಮಯ್ಯನ ಮಗ ಕೆಂಚಪ್ಪ. ಕೆಂಚಪ್ಪನಿಗೆ ಗಂಡುಮಕ್ಕಳಿಬ್ಬರು.”

“ಕೇಳಿಸ್ತೇನೋ ರಾಜು?” ಎಂದರು ದೊಡ್ಡಪ್ಪ. “ತಿಮ್ಮಯ್ಯನ ಮಗ.”

ನಾನು ಎದ್ದು ನಿಂತೆ. ಸ್ಪರ್ಧೆಯಲ್ಲಿ ಕಲಿಸಿದ್ದ ಹಾಗೆ, ಕೈ ಹಿಂದೆ ಕಟ್ಟಿ.

“ಹೆಳವಪ್ಪ, ನಮ್ಮ ಅಜ್ಜಿ ಹೆಸರು ಎಲ್ಲಿದೆ?”

“ಹೆಣ್ಣುಮಕ್ಕಳನ್ನ ನಾವು ಬರೆಯೋದಿಲ್ಲವ್ವ. ಅವರು ಬೇರೆ ಮನೆಗೆ ಹೋಗೋರು.”

“ಅಜ್ಜಿ ಎಲ್ಲೂ ಹೋಗ್ಲಿಲ್ವಲ್ಲ. ಇದೇ ಮನೇಲಿ ಹುಟ್ಟಿ ಇದೇ ಮನೇಲಿದ್ದಾರೆ. ನನ್ನ ಹೆಸರು?”

“ನಿನ್ನದೂ ಇಲ್ಲ. ನಿನ್ನ ತಮ್ಮಂದು ಇವತ್ತು ಬರೀತೀನಿ.”

ತಮ್ಮ ಮೂರು ವರ್ಷದವನು, ಮೂಲೆಯಲ್ಲಿ ಅವರೆ ಸಿಪ್ಪೆ ಜಗಿಯುತ್ತಿದ್ದ.

“ಹಾಗಾದ್ರೆ ನಿಮ್ಮ ಪುಸ್ತಕ ಅರ್ಧ ಮನೇನೇ ಹೇಳತ್ತೆ,” ಅಂದೆ. “ಊರಲ್ಲೆಲ್ಲ ಗೊತ್ತು, ಅಜ್ಜಿ ತಿಮ್ಮಯ್ಯನ ಮಗಳು. ಈಗ ತಾತಾನೂ ತಿಮ್ಮಯ್ಯನ ಮಗ ಅಂತೀರ. ಅಂದ್ರೆ ಅಣ್ಣ ತಂಗೀನ ಮದ್ವೆ ಆದ್ನಾ?”

ಚಿಕ್ಕಜ್ಜಿ ಕಿಸಕ್ಕೆಂದು ನಕ್ಕರು. ಅಜ್ಜಿಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ಅಪ್ಪ ತಲೆ ತಗ್ಗಿಸಿ ನಕ್ಕರು. ಹೆಳವಪ್ಪನೂ ನಕ್ಕು ಕನ್ನಡಕ ತೆಗೆದರು.

“ಚುರುಕಾಗಿದ್ದೀಯ. ನೋಡವ್ವ, ಇದು ನಮ್ಮಪ್ಪ ಬರೆದದ್ದು. ಗಂಡಿಲ್ಲದ ಮನೆಗೆ ಅಳಿಯ ಬಂದು ನಿಂತರೆ ಅವನನ್ನೂ ಮಗ ಅಂತಲೇ ಬರೆಯೋ ರೂಢಿ. ಮನೆ ದೀಪ ಆರಬಾರದು ಅಂತ. ಈ ಕೆಂಚಪ್ಪ ಹುಟ್ಟಿದ ಮಗನೋ, ಬಂದ ಮಗನೋ, ಪುಸ್ತಕದಲ್ಲಿ ತಿಳಿಯೋದಿಲ್ಲ. ಅದನ್ನ ಮನೆ ಹಿರಿಯರೇ ಹೇಳಬೇಕು.”

ನಾನು ಗೆದ್ದಿದ್ದೆ. ಪುಸ್ತಕ ಬಾಯಿ ಮುಚ್ಚಿಕೊಂಡಿತ್ತು. ರಾಜು ಚಿಕ್ಕಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆದರೆ ದೊಡ್ಡಪ್ಪ ಬೇಸರ ಮಾಡಿಕೊಳ್ಳಲಿಲ್ಲ. ನನ್ನ ತಲೆ ಸವರಿ, “ಸರಿಯಾಗೇ ಕೇಳವ್ಳೆ ನಮ್ಮ ಲಾಯರಮ್ಮ,” ಅಂದರು. “ಇಬ್ರೂ ಮಕ್ಕಳಾಗಕ್ಕಾಗಲ್ಲ. ಒಬ್ರು ಮಗು, ಒಬ್ರು ಬಂದೋರು. ಅವ್ವಾ, ಹಿರೀಳು ನೀನು. ಹೇಳು. ಬಂದೋರು ಯಾರು?”

ಅಲ್ಲಿಯವರೆಗೆ ನನ್ನ ವಾದಕ್ಕೆ ಎರಡು ಬಾಗಿಲಿದೆ, ಅದರಿಂದ ಅಜ್ಜಿಯನ್ನೂ ಹೊರಗೆ ಕಳಿಸಬಹುದು ಎಂದು ಹೊಳೆದಿರಲಿಲ್ಲ.

ಅಜ್ಜಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ದೊಡ್ಡಪ್ಪನ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡುತ್ತಿದ್ದರು. ಹಿಂದಿನ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ದೊಡ್ಡಪ್ಪ ಅಜ್ಜಿಗೆ ಬಿಸಿನೀರು ತೋಡಿಕೊಡುತ್ತಾ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಗದರಿಸಿ ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. “ನಾಳೆ ಮಲಗಿಬಿಟ್ರೆ ನಿನ್ನ ಯಾರು ನೋಡ್ಕೊತಾರೆ, ಚಂದಾಪುರದೋರಾ? ಯೋಚ್ನೆ ಮಾಡವ್ವ.”

“ನಾನೇ,” ಎಂದರು ಅಜ್ಜಿ. “ನಾನೇ ಬಂದೋಳು. ಹೊನ್ನಮ್ಮ ನನ್ನ ಅತ್ತೆ.”

ತಮ್ಮನ ಬಾಯಿಂದ ಸಿಪ್ಪೆ ತೆಗೆಯಲು ಅಮ್ಮ ಎದ್ದರು. ಚಿಕ್ಕಜ್ಜಿ ಅಕ್ಕನ ಮೊಣಕಾಲಿಗೆ ತಾಗಿದ್ದ ತಮ್ಮ ಮೊಣಕಾಲನ್ನು ಮೆಲ್ಲಗೆ ಎಳೆದುಕೊಂಡರು.

“ಅಕ್ಕಾ, ನಾನಂತೂ ಅವ್ವನ ಹೊಟ್ಟೇಲೇ ಹುಟ್ದೋಳು,” ಎಂದರು. ದನಿ ಏರಲಿಲ್ಲ. “ನೀನು ಸೊಸೆ ಆದ್ರೆ ನಿನ್ನ ಏನಂತ ಕರೀಲಿ? ಅತ್ತಿಗೆ ಅನ್ನಲಾ?”

ಅಜ್ಜಿ ಎಲೆಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಏಳಪ್ಪ ರಾಜು,” ಎಂದು ಚಿಕ್ಕಜ್ಜಿ ಮಗನನ್ನು ಎಬ್ಬಿಸಿದರು. ಒಪ್ಪಿದ ಮಾತು ಒಪ್ಪಿದ್ದೇ ಎನ್ನುವ ಹಾಗೆ ರಾಜು ಚಿಕ್ಕಪ್ಪ ಚಪ್ಪಲಿ ಹಾಕಿಕೊಂಡರು. ತಂದಿದ್ದ ಅವರೆಕಾಯಿಯ ಚೀಲವನ್ನು ಅಲ್ಲೇ ಬಿಟ್ಟು ಹೋದರು. ಯಾರೂ ಅದನ್ನು ಸುಲಿಯಲಿಲ್ಲ. ವಾರದ ನಂತರ ಅಮ್ಮ ಹಸುವಿಗೆ ಹಾಕಿದರು.

ಹೆಳವಪ್ಪ ತಮ್ಮನ ಹೆಸರು ಬರೆದುಕೊಂಡು, ಅಕ್ಕಿ, ಪಂಚೆ ತೆಗೆದುಕೊಂಡು ಹೊರಟರು. ಗೇಟಿನ ಹತ್ತಿರ ನಾನು ತಡೆದು ಕೇಳಿದೆ, “ನಿಮಗೆ ನಿಜ ಗೊತ್ತಿತ್ತಲ್ವಾ?”

“ನನಗೆ ಹೆಸರು ಗೊತ್ತವ್ವ,” ಎಂದರು. “ನಿಜ ಮನೆಯವರದು.”

ಆ ಸಂಜೆ ಅಜ್ಜಿಯ ಹತ್ತಿರ ಹೋಗಿ ಜಗಳ ತೆಗೆದೆ. ಯಾಕೆ ಸುಳ್ಳು ಹೇಳಿದೆ, ನಾನು ನಿನ್ನ ಪರವಾಗಿ ಮಾತಾಡಿದರೆ ನೀನೇ ಬಿಟ್ಟುಕೊಟ್ಟೆಯಲ್ಲ ಎಂದು ಕೂಗಾಡಿದೆ. ಅಜ್ಜಿ ಒಲೆಗೆ ಸೌದೆ ತಳ್ಳುತ್ತಿದ್ದರು. ಬೆಂಕಿ ಊದಿ ಹೇಳಿದರು. “ಅವ್ವ ಸತ್ತು ಯಾವ ಕಾಲ ಆಯ್ತು ಮಗಾ. ಇವ್ರು ಇರೋರು. ನಾನು ಇರೋರ ಜೊತೆ ಇರ್ಬೇಕು.”

“ಚಿಕ್ಕಜ್ಜಿ ಇಲ್ವಾ? ಅವ್ರೂ ಇರೋರೇ ಅಲ್ವಾ?”

“ಓಗು, ಓದ್ಕೊ ಓಗು.”

ಇದಕ್ಕೆ ನನ್ನ ಹತ್ತಿರ ಎದುರು ವಾದ ಆಗಲೂ ಇತ್ತು, ಈಗಲೂ ಇದೆ. ಅದರಿಂದ ಏನೂ ಆಗಲಿಲ್ಲ ಅಷ್ಟೆ. ವಂಶವೃಕ್ಷದಲ್ಲಿ ಹೊನ್ನಮ್ಮ, ಕೆಳಗೆ ಒಬ್ಬನೇ ಮಗ ಕೆಂಚಪ್ಪ, ಪಕ್ಕದಲ್ಲಿ ಅವನ ಹೆಂಡತಿ ಲಕ್ಕಮ್ಮ. ಹೆತ್ತ ತಾಯಿಗೆ ನಮ್ಮ ಅಜ್ಜಿ ಸೊಸೆಯಾದರು. ಸತ್ತು ಎಷ್ಟೋ ಕಾಲವಾಗಿದ್ದ ಹೊನ್ನಮ್ಮನಿಗೆ ಆ ಸುಗ್ಗಿಯಲ್ಲಿ ಗಂಡುಮಗು ಹುಟ್ಟಿತು. ಎರಡು ಹೆಣ್ಣುಮಕ್ಕಳು ಎಲ್ಲೂ ಹುಟ್ಟಲೇ ಇಲ್ಲ.

ಒಂದು ಸುಳ್ಳನ್ನು ನಿಲ್ಲಿಸಬೇಕಾದರೆ ಅದರ ಸುತ್ತ ಎಷ್ಟು ಜಾಗ ಬಿಡಬೇಕು ಎಂದು ಆಮೇಲೆ ತಿಳಿಯಿತು. ಹೊನ್ನಮ್ಮ ಮಕ್ಕಳನ್ನು ಕಟ್ಟಿಕೊಂಡು ಪೇಟೆಗೆ ಹೋಗುತ್ತಿದ್ದ ಕತೆಯನ್ನು ಅಜ್ಜಿ ಮತ್ತೆ ಹೇಳಲಿಲ್ಲ. ಹೇಳುವಂತಿರಲಿಲ್ಲ. ಆ ಕತೆಯಲ್ಲಿ ಸೆರಗು ಹಿಡಿದ ಹುಡುಗಿ ಯಾರು, ಲಂಗ ಹಿಡಿದವಳು ಯಾರು ಎಂದು ಯಾರಾದರೂ ಕೇಳಿಬಿಟ್ಟರೆ? ಮೊದಮೊದಲು ನಾನು ಬೇಕೆಂದೇ, “ಹೊನ್ನಮ್ಮ ಓಲೆ ಮಾರಿದ್ದು ಹೇಳಜ್ಜಿ,” ಎಂದು ಕೆಣಕುತ್ತಿದ್ದೆ. “ಮರ್ತೋಗಿದೆ,” ಎನ್ನುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ನಿಜವಾಗಿಯೂ ಮರೆತಿದ್ದರು ಎನ್ನಿಸುತ್ತದೆ. ಕೆರೆ ಕೆಳಗಿನ ಹೊಲದಲ್ಲಿ ಅಪಾರ್ಟ್‌ಮೆಂಟು ಎದ್ದಿತು. ಅಜ್ಜಿಗೆ ಅಟ್ಯಾಚ್ಡ್ ಬಾತ್‌ರೂಮಿನ ಕೋಣೆ ಸಿಕ್ಕಿತು. ಕೊನೆಗೆ ಹಾಸಿಗೆ ಹಿಡಿದಾಗ ದೊಡ್ಡಪ್ಪ ಮಾತಿಗೆ ತಪ್ಪದೆ ನೋಡಿಕೊಂಡರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅದನ್ನೂ ಹೇಳಬೇಕು.

ಅಜ್ಜಿ ತೀರಿಕೊಂಡದ್ದು ನಾನು ಕಾಲೇಜು ಮುಗಿಸಿದ ವರ್ಷ. ಹೆಣ್ಣು ಸತ್ತರೆ ತವರಿನ ಕಡೆಯವರು ಸೀರೆ ತಂದು ಹೊದಿಸಬೇಕು. ಅದಿಲ್ಲದೆ ನಮ್ಮಲ್ಲಿ ಹೆಣ ಎತ್ತುವುದಿಲ್ಲ. ಸ್ನಾನ ಮಾಡಿಸಿ ಅಂಗಳದಲ್ಲಿ ಮಲಗಿಸಿದ್ದರು. ಅಷ್ಟರಲ್ಲಿ ಚಿಕ್ಕಜ್ಜಿ ಬಂದರು, ರಾಜು ಚಿಕ್ಕಪ್ಪನ ಕೈ ಹಿಡಿದುಕೊಂಡು. ಆ ಹಜಾರದ ದಿನದ ನಂತರ ಅವರು ನಮ್ಮ ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಅಕ್ಕನ ತಲೆಯ ಬಳಿ ಕೂತು, ಹಣೆಯ ಮೇಲೆ ಕೈ ಇಟ್ಟರು. ಅಳಲಿಲ್ಲ.

ಪಕ್ಕದ ಮನೆಯ ಹಿರಿಯಾಕೆ ಕೇಳಿದರು. “ಸೀರೆ ಎಲ್ಲಿ ಜಯಮ್ಮ? ತವರಿನ ಸೀರೆ ನೀನ್ತಾನೆ ತರ್ಬೇಕು?”

ಆಕೆಗೂ ಗೊತ್ತಿತ್ತು. ವಂಶವೃಕ್ಷಕ್ಕೆ ಸಾಕ್ಷಿ ಹಾಕಿದ್ದು ಆಕೆಯ ಗಂಡನೇ. ಆದರೆ ಸಾವಿನ ಮನೆಯಲ್ಲಿ ಕಾಗದ ಯಾರಿಗೆ ನೆನಪಿರುತ್ತದೆ? ಬಾಯಿಗೆ ಬಂದದ್ದು ನಿಜ.

ಚಿಕ್ಕಜ್ಜಿ ತಲೆ ಎತ್ತದೆ ಹೇಳಿದರು. “ಸೊಸೆ ತವರು ಬೇರೆ ಕಡೆ ಇರ್ತದೆ ಕಣವ್ವ. ಅವ್ರಿಗೇಳಿ ಕಳ್ಸಿ, ತರ್ತಾರೆ.”

ದೊಡ್ಡಪ್ಪ ಚಪ್ಪರದ ಗಳಕ್ಕೆ ಕೈ ಊರಿ ನಿಂತಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಂದು ಮಾತು ಹೇಳಲಿ ಎಂದು ಕಾಯುತ್ತಿದ್ದೆ. “ಚಿಕ್ಕವ್ವಾ, ನೀನೇ ಈ ಮನೆ ಮಗಳು, ನೀನೇ ಹೊದಿಸು” ಅಂದಿದ್ದರೆ ಸಾಕಿತ್ತು. ಹಾಗಂದರೆ ಇಷ್ಟು ಜನರ ಎದುರು ಅಪಾರ್ಟ್‌ಮೆಂಟಿನ ಬುಡ ಅಲುಗುತ್ತಿತ್ತೋ ಏನೋ. ಅವರು ತಮ್ಮ ಮಗನನ್ನು ಕರೆದು, ಬೈಕ್ ತೆಗೆದುಕೊಂಡು ಬೇಗೂರು ಮೇನ್ ರೋಡಿಗೆ ಹೋಗಿ ಒಂದು ಸೀರೆ ತರಲು ಹೇಳಿದರು. ಸೀರೆ ಪ್ಲಾಸ್ಟಿಕ್ ಕವರಿನಲ್ಲಿ ಬಂತು. ತವರಿನವರು ಕೊಟ್ಟದ್ದು ಎಂದು ಹೇಳಿ ದೊಡ್ಡಮ್ಮ ಹೊದಿಸಿದರು. ಊರಿನವರು ತಲೆ ಆಡಿಸಿದರು. ಸಾಕ್ಷಿ ಹಾಕಿ ಅಭ್ಯಾಸವಿದ್ದವರು.

ಮಣ್ಣು ಮುಗಿದ ಮೇಲೆ ಚಿಕ್ಕಜ್ಜಿಯನ್ನು ಬಸ್ ಸ್ಟಾಪಿನವರೆಗೆ ಕಳಿಸಲು ನಾನು ಹೋದೆ. ರಾಜು ಚಿಕ್ಕಪ್ಪ ಸ್ವಲ್ಪ ಮುಂದೆ ನಡೆಯುತ್ತಿದ್ದರು. ತಲೆಯ ಮೇಲೆ ಮೇಲ್ಸೇತುವೆಯ ಸದ್ದು.

“ಚಿಕ್ಕಜ್ಜಿ, ಹೊನ್ನಮ್ಮನ ಕತೆ ನನಗೆ ಪೂರ್ತಿ ಗೊತ್ತಿಲ್ಲ,” ಅಂದೆ. “ಬರೆದಿಡ್ತೀನಿ. ನೋಡಕ್ಕೆ ಹೇಗಿದ್ರು? ಅಜ್ಜಿ ಥರಾನಾ, ನಿಮ್ಮ ಥರಾನಾ?”

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾದ ಮಾಡಬಹುದಿತ್ತು.

“ನಿಮ್ಮ ದೊಡ್ಡಪ್ಪನ್ನ ಕೇಳವ್ವ,” ಎಂದರು. “ಅವ್ರಪ್ಪನ ಅವ್ವ ಅಲ್ವಾ.”

ಬಸ್ಸು ಬಂತು. ರಾಜು ಚಿಕ್ಕಪ್ಪ ಅವರ ತೋಳು ಹಿಡಿದು ಹತ್ತಿಸಿದರು.

ಹೊನ್ನಮ್ಮನ ಬಗ್ಗೆ ಈಗ ನಮ್ಮ ಮನೆಯಲ್ಲಿ ಕಾಗದಕ್ಕೇನೂ ಕೊರತೆಯಿಲ್ಲ. ಲ್ಯಾಮಿನೇಟ್ ಮಾಡಿಸಿದ ವಂಶವೃಕ್ಷವಿದೆ, ದೃಢೀಕರಿಸಿದ ಪ್ರತಿಗಳಿವೆ, ಎಲ್ಲದರ ಮೇಲೂ ಸೀಲಿದೆ. ನನ್ನ ಹೆಸರೂ ಅದರಲ್ಲಿದೆ, ಸರ್ಕಾರ ಹೆಣ್ಣುಮಕ್ಕಳನ್ನು ಬರೆಯುತ್ತದೆ. ಹೊನ್ನಮ್ಮ ಕಪ್ಪಗಿದ್ದಳೋ ಕೆಂಪಗಿದ್ದಳೋ, ದಾರಿಯಲ್ಲಿ ಹಾಡುತ್ತಿದ್ದಳೋ ಬೈಯುತ್ತಿದ್ದಳೋ, ಪೇಟೆಯಿಂದ ಬರುವಾಗ ಖಾಲಿ ಬುಟ್ಟಿಯಲ್ಲಿ ಮಕ್ಕಳಿಗೆ ಏನು ತರುತ್ತಿದ್ದಳೋ, ಅದನ್ನು ಹೇಳಬಲ್ಲವರು ಇಬ್ಬರೇ ಇದ್ದರು. ಒಬ್ಬರನ್ನು ಅವತ್ತು ಮಣ್ಣು ಮಾಡಿ ಬಂದಿದ್ದೆವು. ಇನ್ನೊಬ್ಬರು ಚಂದಾಪುರದ ಬಸ್ಸಿನ ಕಿಟಕಿಯ ಪಕ್ಕ ಕೂತು, ನನ್ನ ಕಡೆ ತಿರುಗದೆ ಹೋದರು.